ನಾಲ್ಕನೇ ಪೀಪಾಯಿ

ಊರಿನವರೆಲ್ಲ ಅವನನ್ನು ಮೂಗುಮಾವ ಎಂದೇ ಕರೆಯುತ್ತಿದ್ದರು. ಹೊಸಬರು ಮೊದಲ ಸಲ ಈ ಹೆಸರು ಕೇಳಿದಾಗ, ಪಾಪ, ಮಾತು ಬಾರದ ಮೂಗ ಇರಬೇಕು ಎಂದುಕೊಂಡು ಕೈಸನ್ನೆ ಮಾಡಿ ಮಾತಾಡಿಸುವುದಿತ್ತು. ಅವನು ಹೇಗೂ ಕಡಿಮೆ ಮಾತಿನವನು. ಒಂದೆರಡು ನಿಮಿಷ ತಾನೂ ಸನ್ನೆಯಲ್ಲೇ ಉತ್ತರ ಕೊಟ್ಟು, ಎದುರಿನವರ ಕೈ ಸೋತ ಮೇಲೆ "ಬಾಯಿದೆ, ಹೇಳಿ" ಎನ್ನುತ್ತಿದ್ದ. ಆಮೇಲೆ ದಿನವಿಡೀ ಅದನ್ನು ನೆನೆದು ಒಳಗೊಳಗೇ ನಗುತ್ತಿದ್ದ.

ಪೇಟೆ ಬೀದಿಯ ತಿರುವಿನಲ್ಲಿದ್ದ ಹಳೆಯ ಮದ್ಯದಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಅವನಿಗಿದ್ದದ್ದು ಒಂದೇ ಕೆಲಸ, ವಾಸನೆ ನೋಡುವುದು. ಹುಟ್ಟಿ ಬೆಳೆದದ್ದು ಊರಾಚೆಯ ಹೊಲಗಳಲ್ಲಿ. ಹುಲ್ಲಿನ ಬಣವೆ ಒಳಗೊಳಗೇ ಕಾಯುತ್ತಿದ್ದರೆ ಹತ್ತು ಮಾರು ದೂರದಿಂದಲೇ ಹೇಳುತ್ತಿದ್ದ ಹುಡುಗ ಅವನು. ಸೀಸೆಗಳ ನಡುವೆ ತುರುಕಲು ಒಣಹುಲ್ಲಿನ ಹೊರೆ ಹೊತ್ತು ಒಂದು ದಿನ ಅಂಗಡಿಗೆ ಬಂದವನು, ಅಲ್ಲಿ ಮೊದಲೇ ಇದ್ದ ಹೊರೆಯನ್ನು ಮೂಸಿ, "ಇದು ನೆನೆದು ಒಣಗಿದ ಹುಲ್ಲು, ಸೀಸೆಯ ಬೂಚಿಗೆ ಮುಗ್ಗಲು ಹತ್ತುತ್ತೆ" ಎಂದಿದ್ದ. ಆಗಿನ ಯಜಮಾನರು ಹುಲ್ಲನ್ನು ಬಿಟ್ಟು ಹುಡುಗನನ್ನು ಇಟ್ಟುಕೊಂಡರು. ಅವರ ಮಗಳಿಗೆ ಆಗ ಮೂರು ವರ್ಷ. ಲೋಟದೊಳಗೆ ಮೂಗಿಟ್ಟು, ಕಣ್ಣು ಮುಚ್ಚಿ, ಧ್ಯಾನಕ್ಕೆ ನಿಂತವನ ಹಾಗೆ ನಿಲ್ಲುವ ಈ ಉದ್ದನೆಯ ಮನುಷ್ಯನನ್ನು ನೋಡಿ ನೋಡಿ ಮೂಗುಮಾವ ಎಂದು ಹೆಸರಿಟ್ಟವಳು ಅವಳೇ. ಈಗ ಯಜಮಾನರಿಲ್ಲ. ಅಂಗಡಿ ನಡೆಸುವವಳು ಅವಳು.

ವರ್ಷಕ್ಕೊಮ್ಮೆ ಆ ಅಂಗಡಿಗೆ ಸ್ಕಾಟ್ಲೆಂಡಿನಿಂದ ಆರು ಪುಟ್ಟ ಸೀಸೆಗಳು ಬರುತ್ತಿದ್ದವು. ಬರೀ ಬಾರ್ಲಿಯಿಂದ, ಒಂದೇ ಕಾರ್ಖಾನೆಯಲ್ಲಿ ಭಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ಹದಿನೈದೋ ಇಪ್ಪತ್ತೋ ವರ್ಷ ಮಲಗಿಸಿದ ಸಿಂಗಲ್ ಮಾಲ್ಟ್ ವಿಸ್ಕಿ. ಒಂದೊಂದು ಸೀಸೆ ಒಂದೊಂದು ಪೀಪಾಯಿಯದು. ಆರರಲ್ಲಿ ಒಂದನ್ನು ಆರಿಸಿ ಕಾಗದ ಬರೆದರೆ ಆ ಪೀಪಾಯಿ ಪೂರ್ತಿ, ಮುನ್ನೂರು ಸೀಸೆಯಾಗಿ, ಇವರ ಅಂಗಡಿಗೇ ಬರುತ್ತಿತ್ತು. ಬಂದ ಮೇಲೆ ಚೆನ್ನಾಗಿಲ್ಲ ಎನ್ನುವಂತಿಲ್ಲ. ಹಾಗಾಗಿ ಆ ಆರು ಸೀಸೆಗಳ ಮುಂದೆ ಮೂಗುಮಾವ ಕೂತನೆಂದರೆ ಅಂಗಡಿಯಲ್ಲಿ ಯಾರೂ ಜೋರಾಗಿ ಬಾಗಿಲು ಕೂಡ ಹಾಕುತ್ತಿರಲಿಲ್ಲ.

ಈ ವರ್ಷ ಸೀಸೆಗಳು ಬರುವ ಹೊತ್ತಿಗೆ ಮಾವನ ಮೂಗು ಹೋಗಿತ್ತು.

ಚಳಿಗಾಲದ ಕೊನೆಯಲ್ಲಿ ಒಂದು ನೆಗಡಿ, ಅದರ ಬೆನ್ನಿಗೆ ಹನ್ನೆರಡು ದಿನದ ಜ್ವರ. ಜ್ವರ ಬಿಟ್ಟಿತು, ಮೈಗೆ ಶಕ್ತಿ ಬಂತು, ನಡೆದಾಡುವಂತಾಯಿತು. ವಾಸನೆ ಮಾತ್ರ ಬರಲಿಲ್ಲ. ಮೊದಲು ಮೂಗು ಕಟ್ಟಿದೆ ಎಂದುಕೊಂಡ. ಆಮೇಲೆ ನೋಡಿದರೆ ಕಟ್ಟಿಯೂ ಇಲ್ಲ, ಉಸಿರು ಸರಾಗವಾಗಿ ಆಡುತ್ತಿದೆ. ವಿಸ್ಕಿಯ ಲೋಟಕ್ಕೆ ಮೂಗಿಟ್ಟರೆ ಒಳಗೆ ಚುರುಕ್ ಎನ್ನುತ್ತಿತ್ತು, ಅಷ್ಟೇ. ಯಾರಿಗೂ ಹೇಳದೆ ಬಸ್ಸು ಹತ್ತಿ ಪಕ್ಕದ ಪಟ್ಟಣದ ಡಾಕ್ಟರಿಗೆ ತೋರಿಸಿದ. "ಬರಬಹುದು, ಬಾರದೆಯೂ ಇರಬಹುದು" ಎಂದರು ಡಾಕ್ಟರು. ಇದನ್ನು ನಾನೇ ಹೇಳಿಕೊಳ್ಳಬಹುದಿತ್ತಲ್ಲ ಎಂದುಕೊಂಡು ವಾಪಸ್ಸು ಬಂದ. ಅಂಗಡಿಯಲ್ಲಿ ಹೇಳಲಿಲ್ಲ. ಮನೆಯಲ್ಲೂ ಹೇಳಲಿಲ್ಲ.

ಮನೆಯಲ್ಲಿ ಅದು ಗೊತ್ತಾದದ್ದು ಒಂದು ಬುಧವಾರ ಮಧ್ಯಾಹ್ನ. ಅವನ ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಒಗೆದ ಬಟ್ಟೆಗೆ ಇಸ್ತ್ರಿ ಹಾಕುವುದು, ಹರಿದ ಹೊದಿಕೆ, ದಿಂಬಿನ ಚೀಲ ಹೊಲಿಯುವುದು. ಅಂದು ಸ್ವಲ್ಪ ಬೇಗ ಬಂದವಳು ಬಾಗಿಲು ತೆಗೆದದ್ದೇ ತಡ, ಚೀಲ ಅಲ್ಲೇ ಎಸೆದು ಅಡುಗೆಮನೆಗೆ ನುಗ್ಗಿ ಗ್ಯಾಸ್ ಬಂದ್ ಮಾಡಿದಳು, ಕಿಟಕಿಗಳನ್ನೆಲ್ಲ ತೆರೆದಳು. ಚಹಾಕ್ಕೆ ಇಟ್ಟ ನೀರು ಉಕ್ಕಿ ಉರಿ ಆರಿಹೋಗಿತ್ತು. ಒಲೆಯಿಂದ ಮೂರು ಹೆಜ್ಜೆ ದೂರದಲ್ಲಿ ಮಾವ ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರು ಓದುತ್ತಿದ್ದ.

ಅವಳು ಕೂಗಾಡಲಿಲ್ಲ. ಅವನ ಎದುರು ಬಂದು ನಿಂತಳು. "ಕಣ್ಣು ಮುಚ್ಚಿ."

"ಯಾಕೆ?"

"ಮುಚ್ಚಿ ಅಂದ್ರೆ ಮುಚ್ಚಿ."

ಮುಚ್ಚಿದ. ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಮೂಗಿನ ಕೆಳಗೆ ತಣ್ಣಗೆ ತಗಡು ತಾಗಿತು.

"ಏನಿದು ಹೇಳಿ."

ಅವಳು ಲಾಂಡ್ರಿಯಿಂದ ಬಂದವಳು ಎಂದು ಲೆಕ್ಕ ಹಾಕಿ ಮಾವ "ಸೋಪಿನ ಪುಡಿ" ಎಂದ.

ಆಮೇಲೆ ಮುಚ್ಚಳ ಹಾಕಿದ ಸದ್ದು. "ಕಾಫಿಪುಡಿ," ಎಂದಳು ಅವಳು. "ಎಷ್ಟು ದಿನ ಆಯ್ತು?"

"ಜ್ವರ ಬಂದಾಗಿಂದ."

"ಏಳು ವಾರ!" ಅವಳು ಎದುರಿನ ಕುರ್ಚಿಯಲ್ಲಿ ಕುಸಿದಳು. "ಏಳು ವಾರದಿಂದ ನಾನು ಮಾಡಿ ಹಾಕಿದ್ದನ್ನೆಲ್ಲ ಚೆನ್ನಾಗಿದೆ, ಚೆನ್ನಾಗಿದೆ ಅಂತ ತಿಂದ್ರಲ್ರೀ!"

"ಚೆನ್ನಾಗಿಲ್ಲ ಅನ್ನೋದಕ್ಕೆ ಧೈರ್ಯ ಬೇಕಲ್ಲ."

ಅವಳಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ ಹುಡುಗಿಗೆ ಹೇಳಿಬಿಡಿ. ಅಂಗಡಿ ಅವಳದು, ಅವಳಿಗೆ ಗೊತ್ತಿರ್ಬೇಕು."

"ಹೇಳಿದ್ರೆ ಅಲ್ಲಿ ನಾನ್ಯಾರು? ಲೋಟ ತೊಳೆಯೋಕೆ ಬೇರೆ ಜನ ಇದಾರೆ." ಮಾವ ಪೇಪರನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಬರೋ ವಾರ ಸೀಸೆ ಬರುತ್ತೆ. ಇದೊಂದು ಸಲ ಹೇಗಾದರೂ ದಾಟಿದರೆ ಸಾಕು. ಅಷ್ಟೊತ್ತಿಗೆ ಮೂಗು ಬಂದ್ರೂ ಬರಬಹುದು."

ಅವಳು ಎದ್ದು ಕಾಫಿಪುಡಿಯ ಡಬ್ಬಿಯನ್ನು ಅದರ ಜಾಗಕ್ಕೆ ಇಟ್ಟಳು. ಆಮೇಲೆ, "ಸೀಸೆ ಮನೆಗೆ ತನ್ನಿ," ಎಂದಳು.

ಮೂಗಿನ ವಿಷಯದಲ್ಲಿ ಅವಳೂ ಸಾಮಾನ್ಯಳಲ್ಲ. ಲಾಂಡ್ರಿಗೆ ಬಂದ ಗಂಟನ್ನು ಬಿಚ್ಚುವ ಮೊದಲೇ ಇದು ಹೆರಿಗೆ ವಾರ್ಡಿನದು, ಇದು ಮೂಳೆ ವಾರ್ಡಿನದು ಎಂದು ಬೇರೆ ಮಾಡಿ ಇಡುತ್ತಿದ್ದವಳು. ಮದ್ಯ ಮಾತ್ರ ಅವಳಿಗೆ ಆಗದು. ಗಂಡನ ಕೋಟನ್ನು ಸಹ ಬಾಗಿಲ ಹೊರಗಿನ ಮೊಳೆಗೇ ನೇತುಹಾಕಿಸುತ್ತಿದ್ದಳು.

ಸೋಮವಾರ ಸೀಸೆಗಳು ಬಂದವು. ಈ ಸಲ ಮನೆಯಲ್ಲಿ ನಿಧಾನವಾಗಿ ನೋಡುತ್ತೇನೆ ಎಂದು ಮಾವ ಹೇಳಿದಾಗ ಅಂಗಡಿಯವಳು, "ನೋಡಿ ಮಾವ, ಜ್ವರ ಬಂದು ಎದ್ದವರು, ಇಲ್ಲಿ ಗಾಳಿ ಬೇರೆ ಜಾಸ್ತಿ" ಎಂದು ತಾನೇ ಬಟ್ಟೆ ಸುತ್ತಿ ಚೀಲಕ್ಕೆ ಹಾಕಿಕೊಟ್ಟಳು. ಅವಳು ಅಷ್ಟು ಸುಲಭವಾಗಿ ನಂಬಿದ್ದು ಅವನಿಗೆ ದಾರಿಯುದ್ದಕ್ಕೂ ಚುಚ್ಚಿತು.

ಅಡುಗೆಮನೆಯ ಮೇಜಿನ ಮೇಲೆ, ಸಂಜೆಯ ಬೆಳಕಿನಲ್ಲಿ, ಮಾವ ಹೆಂಡತಿಗೆ ಪಾಠ ಹೇಳಿದ. ಲೋಟದ ಹೊಟ್ಟೆ ಅಗಲ, ಬಾಯಿ ಕಿರಿದು. ವಾಸನೆ ಹೊಟ್ಟೆಯಲ್ಲಿ ಕೂತು ಬಾಯಿಗೆ ಬರುತ್ತೆ. ದಿನಕ್ಕೊಂದೇ ಸೀಸೆ, ಒಂದು ಗುಟುಕಿನಷ್ಟು ಸಾಕು. ಒಮ್ಮೆಗೇ ಮೂಗು ತುರುಕಬೇಡ, ಸುಡುತ್ತೆ. ಮೊದಲು ಗಲ್ಲದ ಹತ್ತಿರ ಹಿಡಿ, ಆಮೇಲೆ ತುಟಿಯ ಹತ್ತಿರ. ಬಾಯಿ ಚೂರು ತೆರೆದಿರಲಿ. ಎರಡು ಹನಿ ನೀರು ಹಾಕಿದರೆ ಒಳಗಿರುವುದು ಎದ್ದು ಬರುತ್ತೆ.

"ಇಷ್ಟೆಲ್ಲ ಉಪಚಾರ ನಮ್ಮ ಮದುವೇಲಿ ನನಗೂ ಮಾಡ್ಲಿಲ್ಲ," ಎಂದಳು ಅವಳು.

"ನಿನ್ನನ್ನ ಪೀಪಾಯಿಯಲ್ಲಿ ಇಪ್ಪತ್ತು ವರ್ಷ ಇಟ್ಟಿರ್ಲಿಲ್ಲ."

"ಇಟ್ಟಿದೀರಿ. ಇದೇ ಅಡುಗೆಮನೆ, ಇನ್ನೇನು?"

ಮೊದಲನೆಯದನ್ನು ಮೂಸಿ ಅವಳು ತಲೆ ಹಿಂದಕ್ಕೆ ಎಳೆದಳು. ಮತ್ತೆ ಮುಂದೆ ತಂದಳು. "ಹೊಸ ಚಪ್ಪಲಿಯ ಡಬ್ಬಿ," ಎಂದಳು. ಮಾವ ಪೆನ್ನು ಹಿಡಿದು ಯೋಚಿಸಿದ. ಅಂಗಡಿಯ ಚೀಟಿಯಲ್ಲಿ ಚಪ್ಪಲಿ ಡಬ್ಬಿ ಎಂದು ಬರೆಯಲಾಗುತ್ತದೆಯೇ? ಮೂವತ್ತೊಂದು ವರ್ಷ ಬರೆದದ್ದು ಜೇನು, ಒಣದ್ರಾಕ್ಷಿ, ಹೊಗೆ, ಉಪ್ಪುಗಾಳಿ ಇಂಥವು. "ತೊಗಲು, ಒಣ ಮರ" ಎಂದು ಬರೆದ. ಎರಡನೆಯದನ್ನು ಅವಳು ಮತ್ತೆ ಮತ್ತೆ ಮೂಸಿ ಏನೋ ಹೇಳಿದಳು. ಅವನು ಅದನ್ನು "ಹಾಲು, ಕಿತ್ತಳೆ ಸಿಪ್ಪೆ, ಸೌಮ್ಯ" ಎಂದು ಮಾಡಿದ. ಮೂರನೆಯದು ಮಳೆಯಲ್ಲಿ ನೆನೆದ ನಾಯಿ. ಅದಕ್ಕೆ ಮಾವ ಪೆನ್ನು ಕೆಳಗಿಟ್ಟು ನಕ್ಕ. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಅವನ ನಗು ಕೇಳಿಸಿತ್ತು.

ನಾಲ್ಕನೆಯದರ ದಿನ ಅವಳಿಗೆ ಬಿಡುವಿರಲಿಲ್ಲ. ಲಾಂಡ್ರಿಯಿಂದ ಹರಿದ ಹೊದಿಕೆಗಳ ರಾಶಿ ಮನೆಗೇ ಬಂದಿತ್ತು. ಅಂಚು ಮಡಿಸಿ ಗುಂಡುಸೂಜಿ ಚುಚ್ಚುತ್ತಾ ಕೂತಿದ್ದಳು. ಬಾಯಲ್ಲಿ ಏಳೆಂಟು ಸೂಜಿ. ಮಾವ ಲೋಟವನ್ನು ಅವಳ ಮೂಗಿನ ಹತ್ತಿರ ಹಿಡಿದ.

"ಬಾಯಿ ಸ್ವಲ್ಪ ತೆರಿ."

"ತೆರೆದ್ರೆ ಸೂಜಿ ಬೀಳುತ್ತೆ," ಎಂದು ಅವಳು ಹಲ್ಲಿನ ಸಂದಿಯಿಂದಲೇ ಹೇಳಿ, ಮೂಸಿದಳು. ಇನ್ನೊಮ್ಮೆ ಮೂಸಿ ಮುಖ ಆಚೆ ತಿರುಗಿಸಿ ಹೊದಿಕೆಯ ಅಂಚು ಹಿಡಿದಳು. "ಸೀ ವಾಸನೆ," ಎಂದಂತೆ ಕೇಳಿಸಿತು ಮಾವನಿಗೆ. "ಬೇರೇನೂ ಇಲ್ಲ."

ಮಾವನ ಎದೆ ಒಮ್ಮೆ ಹಗುರಾಯಿತು. ಇಪ್ಪತ್ತೊಂದು ವರ್ಷದ ಪೀಪಾಯಿ ಅದು, ಆರರಲ್ಲಿ ಹಿರಿಯದು. ಅಷ್ಟು ವರ್ಷ ಮರದಲ್ಲಿ ಮಲಗಿದ ವಿಸ್ಕಿಗೆ ಬರೀ ಸಿಹಿ ವಾಸನೆ ಉಳಿಯುವುದು ಅಪರೂಪ. ಅವನ ಬದುಕಿನಲ್ಲಿ ಅಂಥದು ಎರಡೇ ಸಲ ಸಿಕ್ಕಿತ್ತು. ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡ. ನಾಲಿಗೆ ಇನ್ನೂ ಸತ್ತಿರಲಿಲ್ಲ, ಸಿಹಿ ಕಹಿ ಒಗರು ತಿಳಿಯುತ್ತಿತ್ತು. ಕೊನೆಯಲ್ಲಿ ಕಹಿ ತಾಗಿತು. ಹಳೆಯ ಮರದ ಕಹಿ ಇರಬೇಕು ಎಂದುಕೊಂಡ. ಇನ್ನೊಮ್ಮೆ ಕೇಳೋಣ ಎಂದರೆ ಅವಳು ಸೂಜಿಯ ಮೇಲೆ ಕಣ್ಣಿಟ್ಟು ಬಗ್ಗಿದ್ದಳು, ಕುತ್ತಿಗೆ ನೋಯುತ್ತಿರಬೇಕು. ಕೇಳಲಿಲ್ಲ. "ಸಿಹಿ, ಶುದ್ಧ ಸಿಹಿ. ಹಳೆಯ ಮರದ ಗಾಂಭೀರ್ಯ. ಆರರಲ್ಲಿ ಇದೇ" ಎಂದು ಚೀಟಿಯಲ್ಲಿ ಬರೆದು ಕೆಳಗೊಂದು ಗೆರೆ ಎಳೆದ. ಐದು, ಆರನೆಯದನ್ನು ಅವಳು ಮೂಸಿದ ಮೇಲೂ ಆ ಗೆರೆ ಹಾಗೇ ಉಳಿಯಿತು.

ಕಾಗದ ಬರೆಯುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಯ ಹಳೆಯ ಗಿರಾಕಿಗಳನ್ನು ಕರೆದು ರುಚಿ ತೋರಿಸುವುದು ಯಜಮಾನರ ಕಾಲದಿಂದ ನಡೆದು ಬಂದ ಪದ್ಧತಿ. ಮೊದಲು ಮೂಗುಮಾವನ ಚೀಟಿಯನ್ನು ಗಟ್ಟಿಯಾಗಿ ಓದುವುದು, ಆಮೇಲೆ ಎಲ್ಲರೂ ಲೋಟ ಎತ್ತುವುದು. ಅದು ಹಾಗೆಯೇ ಆಗಬೇಕು. ಓದುವ ಮೊದಲು ಮೂಸುವುದು ಅಲ್ಲಿ ದೊಡ್ಡ ಅಗೌರವ. ಆ ಭಾನುವಾರ ಲೋಟ ಹಂಚುವವಳು ಬಂದಿರಲಿಲ್ಲ. "ಅತ್ತೆ ಬಂದರೆ ಉಪಕಾರ ಆಗ್ತಿತ್ತು" ಎಂದು ಅಂಗಡಿಯವಳು ಹೇಳಿ ಕಳಿಸಿದಳು. ಮದುವೆಯಾದ ಮೂವತ್ತು ವರ್ಷದಲ್ಲಿ ಮೊದಲ ಸಲ ಮಾವನ ಹೆಂಡತಿ ಆ ಹಿಂದಿನ ಕೋಣೆಯ ಹೊಸಿಲು ದಾಟಿದಳು.

ಉದ್ದನೆಯ ಮೇಜು, ಕಿಟಕಿಯಿಂದ ಬಿದ್ದ ಬಿಸಿಲು, ಬಿಳಿ ಬಟ್ಟೆ. ಎಂಟು ಜನ ಕೂತಿದ್ದರು. ಮೇಜಿನ ತುದಿಗೆ ನಿವೃತ್ತ ಪೋಸ್ಟ್‌ಮ್ಯಾನ್. ಅವನನ್ನು ಎಲ್ಲರೂ ಟಪಾಲಣ್ಣ ಎನ್ನುತ್ತಿದ್ದರು. ಸುಮ್ಮನಿರುವುದು ಅವನಿಗೆ ಬರುತ್ತಿರಲಿಲ್ಲ. ಪಕ್ಕದಲ್ಲಿ ಹಲ್ಲಿನ ಡಾಕ್ಟರು, ಎದುರಿಗೆ ಸಂಗೀತದ ಟೀಚರು.

"ಮಾವ, ಜ್ವರ ಬಂದು ಇಳಿದಿದೀರಿ," ಎಂದ ಟಪಾಲಣ್ಣ. "ಮೂಗು ಒಂದು ಬಿಟ್ಟು ಉಳಿದದ್ದೆಲ್ಲ ಸಣ್ಣಗಾಗಿದೆ."

ಎಲ್ಲರೂ ನಕ್ಕರು. ಮಾವನೂ ನಕ್ಕ. ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ನಗಲಿಲ್ಲ.

ಗೆರೆ ಎಳೆದ ನಾಲ್ಕನೆಯದನ್ನು ಕೊನೆಗಿಟ್ಟಿದ್ದರು, ಉಳಿದ ಐದೂ ಸಲೀಸಾಗಿ ಹೋದವು. ಅಂಗಡಿಯವಳು ಚೀಟಿ ಓದುವಳು, ಲೋಟಗಳು ಏಳುವವು, "ಹೌದು, ತೊಗಲು", "ಕಿತ್ತಳೆ ಇದೆ, ಇದೆ" ಎಂಬ ಮಾತುಗಳು ಮೇಜನ್ನು ಸುತ್ತುವವು. ನಾಲ್ಕನೆಯ ಚೀಟಿ ಓದುವಾಗ ಅವಳ ದನಿಯೇ ಬದಲಾಯಿತು. "ಸಿಹಿ, ಶುದ್ಧ ಸಿಹಿ. ಹಳೆಯ ಮರದ ಗಾಂಭೀರ್ಯ. ಆರರಲ್ಲಿ ಇದೇ." ಅವಳು ಮಾವನನ್ನು ನೋಡಿ ಮುಗುಳ್ನಕ್ಕಳು. ಬಾಗಿಲ ಬಳಿ ಅವನ ಹೆಂಡತಿಯ ಕೈಯಲ್ಲಿದ್ದ ಖಾಲಿ ತಟ್ಟೆ ಚೌಕಟ್ಟಿಗೆ ತಾಗಿ ಟಿಣ್ ಎಂದಿತು.

ಲೋಟಗಳು ಎದ್ದವು. ಟಪಾಲಣ್ಣ ಮೂಸಿದ, ಲೋಟ ಕೆಳಗಿಟ್ಟ, ಮತ್ತೆ ಎತ್ತಿ ಮೂಸಿದ. ಹಲ್ಲಿನ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು, ವಾಸನೆಗೂ ಕನ್ನಡಕಕ್ಕೂ ಸಂಬಂಧ ಇದ್ದ ಹಾಗೆ. ಸಂಗೀತದ ಟೀಚರು ಪಕ್ಕದವರ ಮುಖ ನೋಡಿದರು, ಪಕ್ಕದವರು ಮೇಜು ನೋಡಿದರು.

"ಸಿಹಿ," ಎಂದರು ಕೊನೆಗೆ ಟೀಚರು.

"ಹೌದು ಹೌದು, ಹಿಂದೆ ಹಿಂದೆ ಇದೆ," ಎಂದರು ಡಾಕ್ಟರು.

"ನಿಧಾನಕ್ಕೆ ಬರುತ್ತೆ," ಎಂದ ಟಪಾಲಣ್ಣ. "ಒಳ್ಳೇದು ಯಾವತ್ತೂ ನಿಧಾನಕ್ಕೇ ಬರೋದು. ಮಾವ ಹೇಳಿದ ಮೇಲೆ ಇದ್ದೇ ಇರುತ್ತೆ."

ಅಂಗಡಿಯವಳೂ ಮೂಸಿದಳು. ಹುಬ್ಬು ಒಂದು ಕೂದಲೆಳೆಯಷ್ಟು ಕೂಡಿತು, ಮತ್ತೆ ಸಡಿಲವಾಯಿತು. "ಇದೇ ಅಂದ್ರೆ ಇದೇ ಮಾವ," ಎಂದಳು. "ನಾಳೆ ಕಾಗದ ಹಾಕ್ತೀನಿ."

ಮಾವ ಹೆಂಡತಿಯ ಕಡೆ ತಿರುಗಿದ. ಅವಳು ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು ನೆಲ ನೋಡುತ್ತಿದ್ದಳು. ಮೂಗು ಸುಕ್ಕಾಗಿತ್ತು. ಮೂವತ್ತು ವರ್ಷ ಜೊತೆಗೆ ಬಾಳಿದವನಿಗೆ ಆ ಸುಕ್ಕು ಯಾವುದಕ್ಕೆ ಬರುತ್ತದೆ ಎಂದು ಹೇಳಿಕೊಡಬೇಕಾಗಿರಲಿಲ್ಲ. ಬಿಳಿ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಮರೆತಾಗ, ತಳ ಹತ್ತಿದಾಗ ಅವಳ ಮೂಗು ಹಾಗಾಗುತ್ತಿತ್ತು. ಅವಳು ಅಂದು ಹೇಳಿದ್ದು ಸೀದ ವಾಸನೆ. ಸೀದ ಎಂಬುದರ ಬಾಲ ಸೂಜಿಗಳ ನಡುವೆ ಸಿಕ್ಕಿಕೊಂಡು ಬರೀ ಸೀ ಹೊರಗೆ ಬಂದಿತ್ತು. ಸುಟ್ಟದ್ದನ್ನು ಅವನು ಸಿಹಿ ಎಂದು ಬರೆದು, ಕೆಳಗೆ ಗೆರೆ ಬೇರೆ ಎಳೆದಿದ್ದ. ವಿಸ್ಕಿ ತುಂಬುವ ಮೊದಲು ಪೀಪಾಯಿಯ ಒಳಮೈಯನ್ನು ಕೊಂಚ ಸುಡುವುದುಂಟು, ಇದನ್ನು ಹದಕ್ಕೆ ಮೀರಿ ಸುಟ್ಟಿದ್ದಾರೆ, ಅಷ್ಟೆ. ಮೂಗಿದ್ದವನಿಗೆ ಮಾರು ದೂರಕ್ಕೇ ತಿಳಿಯುವ ವಿಷಯ.

ಅವಳು ತಲೆ ಎತ್ತಿ ಅವನನ್ನು ನೋಡಿದಳು. ನಾನು ಬಾಯಿ ಬಿಡುವುದಿಲ್ಲ ಎನ್ನುತ್ತಿತ್ತು ಆ ನೋಟ. ಸುಮ್ಮನೆ ಕೂತರೆ ಸಾಕು. ಮುನ್ನೂರು ಸೀಸೆ ಬರುತ್ತವೆ, ಊರಿನವರು ಒಂದು ವರ್ಷ ಸುಟ್ಟದ್ದನ್ನು ಸಿಹಿ ಸಿಹಿ ಎಂದು ಕುಡಿಯುತ್ತಾರೆ. ಅವನ ಕುರ್ಚಿ ಅಲ್ಲೇ ಇರುತ್ತದೆ.

ಮಾವ ಎದ್ದು ನಿಂತ. "ನಾಲ್ಕನೇದು ಸಿಹಿ ಅಲ್ಲ," ಎಂದ.

"ಇದೆ ಮಾವ, ನೀವು ಯೋಚನೆ ಮಾಡ್ಬೇಡಿ," ಟಪಾಲಣ್ಣ ಸಮಾಧಾನ ಹೇಳಿದ. "ನನಗೀಗ ಬರ್ತಾ ಇದೆ."

"ಬರಲ್ಲ. ಅದು ಸೀದಿದೆ."

"ನೀವಿನ್ನೂ ಲೋಟ ಮುಟ್ಟೇ ಇಲ್ಲವಲ್ಲ," ಎಂದರು ಹಲ್ಲಿನ ಡಾಕ್ಟರು.

"ಮುಟ್ಟಿದ್ರೂ ಗೊತ್ತಾಗಲ್ಲ. ನನಗೆ ವಾಸನೆ ಇಲ್ಲ ಡಾಕ್ಟರೇ. ಜ್ವರದ ಜೊತೆ ಹೋಯ್ತು." ಮಾವನ ಬೆರಳು ಮೇಜಿನ ಬಟ್ಟೆಯ ಅಂಚನ್ನು ಮಡಿಸುತ್ತಿತ್ತು. "ಆರನ್ನೂ ಮೂಸಿದ್ದು ಅವಳು. ನಾನು ಬರೆದೆ, ಅಷ್ಟೇ. ಅವಳು ಸೀದ ಅಂದಳು, ನನಗೆ ಸೀ ಅಂತ ಕೇಳಿಸ್ತು. ತಪ್ಪು ನನ್ನದು."

ಎಂಟು ತಲೆಗಳು ಬಾಗಿಲ ಕಡೆ ತಿರುಗಿದವು. ಅವಳು ತಟ್ಟೆಯನ್ನು ಇನ್ನಷ್ಟು ಮೇಲಕ್ಕೆ ಎತ್ತಿಕೊಂಡಳು.

ಮೊದಲು ಬಾಯಿ ಬಿಟ್ಟವನು ಟಪಾಲಣ್ಣನೇ. "ಅಯ್ಯೋ ನಿಮ್ಮ! ನನಗೆ ರಸ್ತೆಗೆ ಟಾರು ಹಾಕೋ ವಾಸನೆ ಬಂತು. ನನ್ನ ಮೂಗೇ ಕೆಟ್ಟುಹೋಯ್ತು, ಇನ್ನು ಮೇಲೆ ಇಲ್ಲಿಗೆ ಬರಬಾರದು ಅಂತ ಮನಸ್ಸಲ್ಲೇ ಅಳ್ತಾ ಕೂತಿದ್ದೆ!"

"ನನಗೆ ಕೊರೆದ ಹಲ್ಲಿನದು ಬಂತು," ಎಂದರು ಡಾಕ್ಟರು ತಲೆ ತಗ್ಗಿಸಿ. "ದಿನಾ ಮೂಸೋ ವಾಸನೆ. ಹೇಗೆ ಹೇಳ್ಲಿ?"

"ನಾನು ಮೊದಲು ಸಿಹಿ ಅಂದೆನಲ್ಲ," ಎಂದರು ಸಂಗೀತದ ಟೀಚರು. "ಶ್ರುತಿ ತಪ್ಪಿದ್ರೆ ಮಕ್ಕಳಿಗೆ ಬೈತೀನಿ ನಾನು."

ಅಂಗಡಿಯವಳು ಚೀಟಿಗಳನ್ನು ಕೈಯಲ್ಲಿ ಹಿಡಿದೇ ಎದ್ದು ಒಳಗಿನ ದಾಸ್ತಾನು ಕೋಣೆಗೆ ಹೋದಳು. ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಮಾವ ನಿಂತೇ ಇದ್ದ. ಕೂರಲು ತನ್ನ ಕುರ್ಚಿ ಇನ್ನು ತನ್ನದೋ ಅಲ್ಲವೋ ತಿಳಿಯಲಿಲ್ಲ. ಕೊನೆಗೆ ತಾನೇ ಹೋಗಿ ಆ ಬಾಗಿಲು ತಳ್ಳಿದ.

ಅವಳು ಪೆಟ್ಟಿಗೆಗಳ ಮೇಲೆ ಕೂತಿದ್ದಳು, ಸಣ್ಣವಳಿದ್ದಾಗ ಕೂತಂತೆಯೇ, ಮಂಡಿ ಮಡಿಸಿ. "ಇಷ್ಟು ವಾರ ನನ್ನೆದುರು ಕೂತು ಚಹಾ ಕುಡಿದ್ರಿ. ಒಂದು ಮಾತು ಹೇಳಬಾರದಿತ್ತಾ ಮಾವ?"

"ಹೇಳಿದ್ರೆ ನೀನು ಏನು ಮಾಡ್ತಿದ್ದೆ?"

"ಏನು ಮಾಡ್ತಿದ್ದೆ? ಅಳ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

"ಈಗೇನು ನಗ್ತಾ ಇದೀನಾ?" ಎಂದು ಅವಳು ಮೂಗೊರೆಸಿಕೊಂಡಳು. ಮಾವ ಅವಳ ತಲೆಯ ಮೇಲೆ ಕೈಯಿಟ್ಟ. ಹಾಗೆ ಕೈಯಿಟ್ಟು ಇಪ್ಪತ್ತೈದು ವರ್ಷವಾದರೂ ಆಗಿತ್ತು. ಕೂದಲಿನ ನಡುವೆ ಒಂದೆರಡು ಬಿಳಿ ಎಳೆ ಕಂಡವು.

ಅವಳು ಎದ್ದು ಹೊರಗೆ ಬಂದು ನೇರ ಬಾಗಿಲ ಬಳಿಗೆ ಹೋದಳು. ಮಾವನ ಹೆಂಡತಿಯ ಕೈಯಿಂದ ತಟ್ಟೆ ತೆಗೆದು ಕೆಳಗಿಟ್ಟಳು. "ಅತ್ತೆ, ನೀವು ಏನು ಹೇಳಿದ್ರೋ ಅದನ್ನೇ ಹೇಳಿ. ಮಾವ ಬರೆದದ್ದು ಬೇಡ."

"ಅವೆಲ್ಲ ಮನೆ ಮಾತಮ್ಮ. ಇಷ್ಟು ಜನರ ಮುಂದೆ ಹೇಳೋಕಾಗುತ್ತಾ?"

"ಇವರೆಲ್ಲ ಈಗಷ್ಟೇ ಟಾರನ್ನ ಸಿಹಿ ಅಂದವರು. ಇವರ ಮುಂದೆ ಏನು ನಾಚಿಕೆ?"

ಟಪಾಲಣ್ಣ ಕೆಮ್ಮಿದ. ಮಾವನ ಹೆಂಡತಿ ಗಂಡನ ಮುಖ ನೋಡಿದಳು. ಮಾವ ತನ್ನ ಕುರ್ಚಿಯನ್ನು ಹಿಂದಕ್ಕೆ ಎಳೆದು ಅವಳ ಕಡೆ ತಿರುಗಿಸಿದ. ಅವಳು ಅದರ ತುದಿಯಲ್ಲಿ, ಬಸ್ಸಿನಲ್ಲಿ ಇಳಿಯಲು ತಯಾರಾದವಳಂತೆ ಕೂತಳು. ಎರಡನೆಯ ಲೋಟವನ್ನು ಗಲ್ಲದ ಹತ್ತಿರ ಹಿಡಿದಳು, ಆಮೇಲೆ ತುಟಿಯ ಹತ್ತಿರ ತಂದಳು. ಬಾಯಿ ಚೂರೇ ತೆರೆದಿತ್ತು.

"ನಿದ್ದೆಯಿಂದ ಎದ್ದ ಮಗುವನ್ನ ಎತ್ತಿಕೊಂಡು ನೆತ್ತಿ ಮೂಸಿದ ಹಾಗೆ," ಎಂದಳು. "ಬೆಚ್ಚಗೆ. ಆ ಹೊತ್ತಿಗೇ ಪಕ್ಕದ ಕೋಣೆಯಲ್ಲಿ ಯಾರೋ ಕಿತ್ತಳೆ ಸುಲೀತಾ ಇದಾರೆ. ಈ ಕೋಣೆಯಲ್ಲಿ ಅಲ್ಲ, ಪಕ್ಕದ್ದು."

ಎಂಟೂ ಜನ ಎರಡನೆಯ ಲೋಟವನ್ನು ಮತ್ತೆ ಎತ್ತಿದರು. ಹಲ್ಲಿನ ಡಾಕ್ಟರು ಈ ಸಲ ಕಣ್ಣು ಮುಚ್ಚಿಕೊಂಡರು. ತೆರೆಯಲು ಬಹಳ ಹೊತ್ತು ತೆಗೆದುಕೊಂಡರು. ಟಪಾಲಣ್ಣನ ಬಾಯಿಂದಲೂ ಮಾತು ಹೊರಡಲಿಲ್ಲ. ಅದನ್ನು ನೋಡಿಯೇ ಅಂಗಡಿಯವಳು ಕಾಗದದಲ್ಲಿ ಯಾವ ಪೀಪಾಯಿ ಬರೆಯಬೇಕೆಂದು ತೀರ್ಮಾನ ಮಾಡಿದಳು.

ಹೊರಡುವಾಗ ಅವಳು ಬಾಗಿಲ ತನಕ ಬಂದಳು. "ನಾಳೆ ಬನ್ನಿ ಮಾವ. ಕೆಲಸ ಇದೆ."

"ಏನು ಕೆಲಸ?"

"ನನಗೂ ಗೊತ್ತಿಲ್ಲ. ಬನ್ನಿ, ನೋಡೋಣ. ಅತ್ತೆ, ನೀವೂ ಬರಬೇಕು."

"ಸೋಮವಾರ ಆಪರೇಷನ್ ವಾರ್ಡಿನ ಬಟ್ಟೆ ಬರುತ್ತೆ ನನಗೆ," ಎಂದಳು ಮಾವನ ಹೆಂಡತಿ. "ಶನಿವಾರ ಆದ್ರೆ ಬರ್ತೀನಿ. ಅದೂ ಇವರು ಕೂತು ಬರೆಯೋದಾದ್ರೆ. ನನ್ನ ಅಕ್ಷರ ನನಗೇ ಓದೋಕೆ ಬರಲ್ಲ."

ಊರು ದಾಟಿ ಹೊಲಗಳ ನಡುವಿನ ಕಾಲುದಾರಿಗೆ ಬಂದರು. ಅವಳು ಮುಂದೆ, ಅವನು ಹಿಂದೆ. ಅವಳ ನಡಿಗೆಯಲ್ಲೇ ಸಿಟ್ಟಿತ್ತು. ಕಾಲುವೆಯ ಹಲಗೆ ದಾಟಿದ ಮೇಲೆ ತಿರುಗಿ ನಿಂತಳು.

"ನಾನು ಸುಮ್ಮನೆ ಇದ್ದೆ ಅಲ್ವಾ? ನಿಮಗೇನಾಗಿತ್ತು? ಮೂವತ್ತೊಂದು ವರ್ಷದ ಹೆಸರು, ಒಂದು ನಿಮಿಷದಲ್ಲಿ..."

"ನೀನು ಸರಿಯಾಗಿ ಹೇಳಿದ್ದೆ," ಎಂದ ಮಾವ. "ಎಂಟು ಜನ ಕೂತು ಅದನ್ನ ಸುಳ್ಳು ಮಾಡ್ತಾ ಇದ್ರು. ನನ್ನ ಹೆಸರು ಹಿಡ್ಕೊಂಡು."

ಅವಳು ಈಗ ಪಕ್ಕದಲ್ಲೇ ನಡೆದಳು. ದಾರಿ ಇಬ್ಬರಿಗೆ ಸಾಲುವಷ್ಟು ಅಗಲವಿರಲಿಲ್ಲ, ಅವನ ಒಂದು ಕಾಲು ಹುಲ್ಲಿನ ಮೇಲೆ ಬೀಳುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಮಾವ ಕೇಳಿದ, "ಮೂಗು ಬರದೇ ಹೋದ್ರೆ?"

"ಬರದೇ ಹೋದ್ರೆ ಚೆನ್ನಾಗಿಲ್ಲದ ಅಡುಗೆನೂ ಚೆನ್ನಾಗಿದೆ ಅಂತ ತಿನ್ನಿ. ನನಗೇನು ನಷ್ಟ ಇಲ್ಲ."

ಅವನು ನಕ್ಕ. ಅವಳು ನಗಲಿಲ್ಲ. ಇದ್ದಕ್ಕಿದ್ದಂತೆ ನಿಂತು, ಮುಖ ಮೇಲಕ್ಕೆತ್ತಿ, ಗಾಳಿಗೆ ಮೂಗೊಡ್ಡಿದಳು.

"ಮಳೆ," ಎಂದಳು. "ಕಾಲು ಗಂಟೆಯೊಳಗೆ ಬರುತ್ತೆ. ಹಿತ್ತಲಲ್ಲಿ ಹನ್ನೆರಡು ಹೊದಿಕೆ ಒಣಗ್ತಾ ಇವೆ."

ಮಾವ ತಲೆಯೆತ್ತಿ ನೋಡಿದ. ಆಕಾಶದ ಈ ತುದಿಯಿಂದ ಆ ತುದಿಯವರೆಗೆ ಒಂದು ಮೋಡ ಇರಲಿಲ್ಲ, ಬಿಸಿಲು ಹೊಳೆಯುತ್ತಿತ್ತು. ಎಲ್ಲಿಯ ಮಳೆ ಎಂದು ಅವನು ಕೇಳಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು, "ನಡಿ, ನಡಿ" ಎಂದು ಅವಳ ಮೊಣಕೈ ಹಿಡಿದ. ಹೊಲದ ದಾರಿಯಲ್ಲಿ ಅವರಿಬ್ಬರೂ ಆ ವಯಸ್ಸಿಗೆ ಎಷ್ಟು ಬೇಗ ಓಡಬಹುದೋ ಅಷ್ಟು ಬೇಗ ಓಡಿದರು.